ಬೇವಿನ ಗಿಡದ ಬದಿಯ ಹಗೇವು

ಅನ್ವಯಿಕ ಭೌತಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ನನ್ನ ಪಾಲಿಗೆ ಬಂದ ಪ್ರಾಜೆಕ್ಟು, ನೆಲಕ್ಕೆ ಕರೆಂಟು ಹಾಯಿಸಿ ಅದರ ರೋಧ ಅಳೆಯುವುದು. ಗೆಳತಿಯರೆಲ್ಲ ಫ್ಯಾನಿನ ಕೆಳಗೆ ಲೇಸರ್ ನೋಡುತ್ತ ಕೂತರೆ, ನಾನು ನಾಲ್ಕು ಕಬ್ಬಿಣದ ಗೂಟ, ಬ್ಯಾಟರಿ, ಮೀಟರು ಹೊತ್ತು ಜೇವರ್ಗಿ ಬಸ್ಸು ಹತ್ತಿ ನಮ್ಮೂರು ಕೊಳಕೂರಿಗೆ ಬಂದೆ. ಸಿಟ್ಟು ನೆತ್ತಿಗೇರಿತ್ತು.

ನಮ್ಮ ಮನೆಯ ಅಂಗಳದ ಎರೆಮಣ್ಣಿನಲ್ಲಿ ಮೀಟರಿನ ಮುಳ್ಳು ತೆಪ್ಪಗಿತ್ತು. ಬೇವಿನ ಗಿಡದ ಬದಿಗೆ ಗೂಟ ಸರಿಸಿದ್ದೇ ತಡ, ಸರ್ರನೆ ಏರಿತು. ವೈರು ಬಿಚ್ಚಿ ಮತ್ತೆ ಕಟ್ಟಿದೆ. ಮತ್ತೂ ಏರಿತು.

"ಕಾಕಾ, ಇದರ ಕೆಳಗ ಪೊಳ್ಳು ಅದ," ಎಂದೆ, ಗೂಟ ಹಿಡಿದು ನಿಂತಿದ್ದ ಅಪ್ಪನ ತಮ್ಮನಿಗೆ.

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಆಯಿ, ಅಪ್ಪನ ತಾಯಿ, ಕೈ ನಿಲ್ಲಿಸಿದಳು. "ಅದು ಹಗೇವು," ಅಂದಳು.

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಊರೂರು ಲೂಟಿಯಾಗುತ್ತಿದ್ದ ಗಲಾಟೆಯ ಕಾಲದಲ್ಲಿ ಆಯಿಯನ್ನೂ ಮಕ್ಕಳನ್ನೂ ತವರಿಗೆ ಕಳಿಸಿ, ಅಜ್ಜ ಒಬ್ಬನೇ ಉಳಿದು ಜೋಳವನ್ನೆಲ್ಲ ಗುಟ್ಟಾಗಿ ಹೊಸ ಹಗೇವಿಗೆ ಇಳಿಸುತ್ತಿದ್ದನಂತೆ. ಆಯಿ ಮರಳಿದಾಗ ಜೋಳವೂ ಇಲ್ಲ, ಅಜ್ಜನೂ ಇಲ್ಲ. ಹಗೇವು ಎಲ್ಲಿತ್ತೆಂದೂ ತಿಳಿಯದಂತೆ ಮಳೆ ಅಂಗಳವನ್ನು ಸಮ ಮಾಡಿತ್ತು. ಸೊಲ್ಲಾಪುರದ ಕಡೆ ಹೋದ ಎಂದರು ಮಂದಿ. ಆಯಿ ಅದನ್ನೇ ನಂಬಿ ಕುಂಕುಮ ಹಚ್ಚಿ, ಹಸಿರು ಬಳೆ ತೊಟ್ಟು ಮುದುಕಿಯಾಗಿದ್ದಳು. ಒಳಗೆ ಅಜ್ಜ ಸಿಕ್ಕರೆ ಆ ಬಳೆ ಒಡೆಯಬೇಕಾಗಿತ್ತು.

ಕಾಕಾ ಯಾರ ಮಾತು ಕೇಳುವ ಪೈಕಿ? ಅಗೆದೇ ಬಿಟ್ಟ. ಹಗೇವಿನ ಬಾಯಿ ಮುಚ್ಚುವ ಕಲ್ಲು ಓರೆಯಾಗಿ ಜಾರಿತ್ತು. ಮುಗ್ಗಿದ ಜೋಳದ ಬಿಸಿ ವಾಸನೆ ಮುಖಕ್ಕೆ ಬಡಿಯಿತು.

ಹಗೇವಿಗೆ ಇಳಿಯುವ ಮುಂಚೆ ಮೇಲಿನಿಂದ ಒಬ್ಬರು ದೀಪ ಇಳಿಸಿ ನೋಡಬೇಕು. ಕೆಟ್ಟ ಗಾಳಿಯಿದ್ದರೆ ದೀಪ ಆರುತ್ತದೆ. ಕಂದೀಲು ಇಳಿಸಿದೆವು. ಆರಿತು. ಮತ್ತೆ ಹಚ್ಚಿ ಇಳಿಸಿದರೆ ಅದೇ ಜಾಗಕ್ಕೆ ಬಂದು ಆರಿತು, ಯಾರೋ ಉಫ್ ಎಂದು ಊದಿದ ಹಾಗೆ. ಅದು ಇಂಗಾಲದ ಡೈಆಕ್ಸೈಡ್ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ಹೆಜ್ಜೆ ಹಿಂದೆ ಸರಿದೆ.

"ಅವ್ರಿಗಿ ಕಂದೀಲ ಹಿಡಿಯಾಕ ಯಾರೂ ಇರಲಿಲ್ಲ," ಅಂದಳು ಆಯಿ.

ಗಾಳಿಯಾಡಲೆಂದು ಆ ರಾತ್ರಿ ಹಗೇವಿನ ಬಾಯಿ ತೆರೆದೇ ಇಟ್ಟೆವು. ಮರುದಿನ ಕಂದೀಲು ತಳದ ತನಕ ಉರಿಯಿತು. ಕಾಕಾ ಸೊಂಟಕ್ಕೆ ಹಗ್ಗ ಬಿಗಿದ. "ಇಳೀಲೇನವ್ವಾ?"

ಆಯಿ ಎರಡೂ ಮುಂಗೈ ಸೆರಗಿನೊಳಗೆ ಎಳೆದುಕೊಂಡಳು. ಬಳೆ ಸದ್ದಾಯಿತು.

"ಬ್ಯಾಡಪ್ಪಾ. ಮುಚ್ಚಿಬಿಡು."

ಮುಚ್ಚಿದೆವು. ನಾನು ಹೊರಟಾಗ ಬಾಗಿಲಲ್ಲಿ ತಡೆದು ಕೇಳಿದಳು, "ಒಳಗ ಯಾರರೆ ಅದಾರೋ ಇಲ್ಲೋ, ನಿನ್ನ ಮಷೀನಿಗಿ ತಿಳೀತದೇನವ್ವಾ?"

"ಇಲ್ಲ ಆಯಿ. ಪೊಳ್ಳು ಅದ ಅಂತ ಅಷ್ಟೇ ತಿಳೀತದ."

"ಛಲೋ ಆತು," ಎಂದು ನನ್ನ ಹಣೆಗೆ ಕುಂಕುಮ ಹಚ್ಚಿದಳು.