ಎರಡಂಗುಲ ಎತ್ತರಕ್ಕೇರಿದ ಓಸ್ವಿನ್

ಲಂಡನ್ನಿನ ಅಂಚಿನ ಸಟನ್‌ನಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಗಿರುವ ಓಸ್ವಿನ್ ಮಿನೇಜಸ್ ಜೀವಮಾನದಲ್ಲಿ ಯಾರ ಮೇಲೂ ದನಿ ಎತ್ತಿದವರಲ್ಲ. ಎತ್ತಿದ್ದು ಗಾಡಿಯನ್ನು ಮಾತ್ರ. ಅದೂ ಹೆಂಡತಿಯ ಗಾಡಿಯನ್ನು.

2008ರ ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಪಾತ್ರೆ ತೊಳೆಯುತ್ತ ಕಿಟಕಿಯಾಚೆ ನೋಡಿದರೆ, ಅವರ ಮನೆಯ ಮುಂದಿದ್ದ ಎಸ್‌ಯುವಿಗೆ ನಾಲ್ಕು ಚಕ್ರಗಳೂ ಇರಲಿಲ್ಲ. ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿದ್ದ ಅದರ ಕೆಳಗಿನಿಂದ ಎರಡು ಕಾಲುಗಳು ಹೊರಚಾಚಿದ್ದವು. ಕಳ್ಳತನವೋ ಅಪಘಾತವೋ ತಿಳಿಯದೆ ಸೋಪಿನ ಕೈಯಲ್ಲೇ ಓಡಿದೆ. ಕಾಲುಗಳು ಅಲುಗಿದವು.

“ಗಾಬರಿ ಮಾಡ್ಬೇಡಿ ಮಾರಾಯ್ರೆ,” ಎಂದಿತು ಗಾಡಿಯ ಹೊಟ್ಟೆ. “ಲಿಫ್ಟ್ ಮಾಡ್ತಾ ಇದ್ದೇನೆ.”

ಈ ಊರಿನಲ್ಲಿ ಲಿಫ್ಟ್ ಎಂದರೆ ಕಟ್ಟಡದೊಳಗೆ ಮೇಲೆ ಕೆಳಗೆ ಓಡಾಡುವ ಪೆಟ್ಟಿಗೆ. ಇಲ್ಲವೇ ಮಳೆಯಲ್ಲಿ ನೆನೆಯುವವರಿಗೆ ಗಾಡಿಯಲ್ಲಿ ಕೊಡುವ ಜಾಗ. ಓಸ್ವಿನ್ ಹೇಳಿದ್ದು ಮೂರನೆಯದು. ಸ್ಪ್ರಿಂಗುಗಳನ್ನು ಬದಲಿಸಿ ಗಾಡಿಯನ್ನೇ ನೆಲದಿಂದ ಎರಡಂಗುಲ ಮೇಲೆತ್ತುವುದು.

“ಯಾಕೆ?” ಎಂದೆ.

“ಅಡಿಗೆ ಕಲ್ಲು ತಾಗಬಾರ್ದಲ್ಲ.”

“ಸಟನ್‌ನಲ್ಲಿ ಕಲ್ಲೆಲ್ಲಿದೆ?”

“ಇಲ್ಲಿ ಇಲ್ಲ. ಇರುವಲ್ಲಿಗೆ ಹೋಗ್ಲಿಕ್ಕುಂಟು.”

ಓಸ್ವಿನ್ ಕರಾವಳಿಯ ಶಿರ್ವದವರು. ಹನ್ನೊಂದು ವರ್ಷ ಬಹರೈನಿನ ಗ್ಯಾರೇಜೊಂದರಲ್ಲಿ, ಮರಳುದಿಬ್ಬ ಹತ್ತಿಳಿಯುವ ಶ್ರೀಮಂತರ ಗಾಡಿಗಳನ್ನು ರಿಪೇರಿ ಮಾಡಿದವರು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಯಾರೂ ಅವರನ್ನು ಆ ಮರಳಿಗೆ ಕರೆದೊಯ್ಯಲಿಲ್ಲ. ಗಾಡಿ ಮರಳಿ ಬರುತ್ತಿತ್ತು, ಇವರು ಮರಳು ಗುಡಿಸುತ್ತಿದ್ದರು. 2001ರಲ್ಲಿ ಹೆಂಡತಿ ಅನ್ನೆಟ್‌ಗೆ ಲಂಡನ್ನಿನಲ್ಲಿ ನರ್ಸ್ ಕೆಲಸ ಸಿಕ್ಕಿತು. ಇವರೂ ಮಗಳು ಶರಲ್‌ಳನ್ನು ಕರೆದುಕೊಂಡು ಹಿಂದೆಯೇ ಬಂದರು. ಈಗ ಪಾರ್ಕ್ ರಾಯಲ್‌ನ ಒಂದು ಬೇಕರಿ ಕಾರ್ಖಾನೆಯಲ್ಲಿ ಬನ್ನು ಸಾಗಿಸುವ ಬೆಲ್ಟುಗಳನ್ನು ಸರಿಪಡಿಸುವ ಫಿಟ್ಟರ್. ಬನ್ನಿಗಾಗಿ ಬನ್ನ ಪಡುವ ಮನುಷ್ಯ.

ಆದರೆ ಅವರು ಕೆಲಸಕ್ಕೆ ಹೋಗುವುದು ರೈಲಿನಲ್ಲಿ. ಗಾಡಿ ಅನ್ನೆಟ್‌ಳದು. ಅವಳು ಡಿಸ್ಟ್ರಿಕ್ಟ್ ನರ್ಸ್. ಹಾಸಿಗೆ ಬಿಟ್ಟೇಳಲಾಗದವರ, ಕಣ್ಣು ಮಂಜಾದವರ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು. ಗಾಡಿಯಿಲ್ಲದೆ ಆ ಕೆಲಸವಿಲ್ಲ. ವರ್ಷಕ್ಕೊಮ್ಮೆ ಲೈಸೆನ್ಸು, ಇನ್ಶೂರೆನ್ಸಿನ ಕಾಗದಗಳನ್ನು ಆಫೀಸಿನಲ್ಲಿ ತೋರಿಸಬೇಕು. ಆ ಗಾಡಿಯ ಕೆಳಗೆ ಓಸ್ವಿನ್ ಮಲಗಿದ್ದರೆಂದರೆ, ಹೆಂಡತಿಯ ಉದ್ಯೋಗದ ಕೆಳಗೇ ಮಲಗಿದ್ದರು ಎನ್ನಬೇಕು.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟ ಅನ್ನೆಟ್ ಗಾಡಿಯ ಬಾಗಿಲು ತೆರೆದು ಹಾಗೆಯೇ ನಿಂತುಬಿಟ್ಟಳು. ಅವಳ ಎತ್ತರ ಐದಡಿ, ಅದೂ ಚಪ್ಪಲಿ ಸೇರಿ. ಮನೆಯೊಳಗೆ ಅವರದು ಕೊಂಕಣಿ. ನಾನಿದ್ದರೆ ಮರ್ಯಾದೆಗೆ ಕನ್ನಡಕ್ಕೆ ಹೊರಳುತ್ತಾರೆ. ಅಂದು ಅನ್ನೆಟ್ ಬೀದಿಯಲ್ಲಿ ಹೋಗುತ್ತಿದ್ದ ನನ್ನನ್ನು ನೋಡಿಯೂ ಕೊಂಕಣಿಯಲ್ಲೇ ಸ್ವಲ್ಪ ಹೊತ್ತು ಮಾತಾಡಿ, ಆಮೇಲೆ ಕನ್ನಡಕ್ಕೆ ಬಂದಳು.

“ಇದಕ್ಕೆ ಹತ್ತುದು ಹೇಗೆ ಓಸ್ವಿನ್?”

“ಬದಿಗೆ ಮೆಟ್ಲು ಹಾಕಿಸ್ತೇನೆ.”

“ಏಣಿ ಕೊಡು ನೀನು. ಪೇಶಂಟ್ ಮನೆಗೆ ಬೆಂಕಿ ಬಿದ್ದದ್ದಾ ಅಂತ ಕೇಳ್ತಾರೆ ಜನ.”

ಲಿಫ್ಟ್ ಕೊಡಬೇಕಾದ ಗಾಡಿ ಲಿಫ್ಟ್ ಆಗಿ, ಅದನ್ನು ಹತ್ತಲು ಇನ್ನೊಂದು ಲಿಫ್ಟ್ ಬೇಕಾಯಿತು. ಓಸ್ವಿನ್ ಮೆಟ್ಟಿಲು ಹಾಕಿದರು. ಆಮೇಲೆ ಅವರ ಕೈ ನಿಲ್ಲಲಿಲ್ಲ. ಕೆಸರು ಹಿಡಿಯುವ ದಪ್ಪ ಹಲ್ಲಿನ ಟಯರುಗಳು ಬಂದವು. ಹೈಸ್ಟ್ರೀಟಿನಲ್ಲಿ ಅವು ಜೇನುಗೂಡು ಕೆದಕಿದಂತೆ ಸದ್ದು ಮಾಡುತ್ತಿದ್ದವು. ಎಂಜಿನ್ನಿನ ಅಡಿಗೆ ಉಕ್ಕಿನ ತಗಡು ಬಂತು. ಮುಂದೆ, ಕೆಸರಲ್ಲಿ ಹೂತರೆ ತನ್ನನ್ನು ತಾನೇ ಎಳೆದುಕೊಳ್ಳಲು ಹಗ್ಗ ಸುತ್ತಿದ ವಿಂಚ್. ಅಂದಿನಿಂದ ನಮ್ಮ ಬೀದಿಯ ಕನ್ನಡಿಗರ ಬಾಯಲ್ಲಿ ಅವರು ಓಸ್-ವಿಂಚ್. ಕೊನೆಗೆ ಬಾನೆಟ್ಟಿನ ಪಕ್ಕದಿಂದ ಆನೆ ಸೊಂಡಿಲೆತ್ತಿದಂತೆ ಒಂದು ಕರಿಯ ಕೊಳವೆ ಎದ್ದಿತು. ಇದು ಸ್ನಾರ್ಕೆಲ್. ಶರಲ್‌ಗೆ ಆಗ ಹದಿನಾಲ್ಕು. ಶಾಲೆಯ ಗೇಟಿಗಿಂತ ಎರಡು ಬೀದಿ ಹಿಂದೆಯೇ ಇಳಿಯತೊಡಗಿದಳು. “ಡ್ಯಾಡ್, ಪೀಪಲ್ ಕ್ಯಾನ್ ಸೀ ಅಸ್,” ಎಂಬುದು ಅವಳ ಏಕೈಕ ಅಹವಾಲು.

“ದಿನಾ ಅನ್ನೆಟ್‌ಗೆ, ಸಂಡೆ ಮಣ್ಣಿಗೆ,” ಎಂಬುದು ಓಸ್ವಿನ್ನರ ಸೂತ್ರ. “ಎರಡಕ್ಕೂ ಆಗುವ ಹಾಗೆ ಮಾಡಿದ್ದೇನೆ. ಲೈಟ್ ಆಗಿ.”

ಇಷ್ಟರ ಮೇಲೆ ಆಶೀರ್ವಾದ. ಹೊಸ ಗಾಡಿಗೆ ಪಾದ್ರಿಗಳಿಂದ ಪವಿತ್ರ ಜಲ ಚಿಮುಕಿಸದೆ ಅವರ ಕಡೆಯವರು ರಸ್ತೆಗಿಳಿಸುವುದಿಲ್ಲ. ಕಾನ್ವೆಂಟಿನಲ್ಲಿ ಹತ್ತು ವರ್ಷ ಸಿಸ್ಟರುಗಳ ಕೈಯಲ್ಲಿ ಬೆಳೆದ ನನಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಹೊಸತು ಇದ್ದದ್ದು ಪಟ್ಟಿಯಲ್ಲಿ. ಕುಂದಾಪುರ ಕಡೆಯ ಫಾದರ್ ರಿಚರ್ಡ್ ಟೂಟಿಂಗ್‌ನಿಂದ ಆ ತಿಂಗಳ ಕೊನೆಯ ಭಾನುವಾರ ಊಟಕ್ಕೆ ಬಂದಾಗ, ಓಸ್ವಿನ್ ಅವರ ಕೈಗೆ ಟೈಪ್ ಮಾಡಿದ ಒಂದು ಹಾಳೆ ಕೊಟ್ಟರು. ಸ್ಪ್ರಿಂಗಿನ ಅಳತೆಯಿಂದ ಟಯರಿನ ನಂಬರಿನ ತನಕ ಅದರಲ್ಲಿ ಎಲ್ಲವೂ ಇತ್ತು.

“ಮೇ ತಿಂಗಳಲ್ಲಿ ಒಮ್ಮೆ ಮಾಡಿದ್ದೆ ಅಲ್ಲ ಓಸ್ವಿನ್, ಈ ಗಾಡಿಗೆ?”

“ಅದು ಹಳೆ ಸಸ್ಪೆನ್ಶನ್‌ಗೆ, ಫಾದರ್.”

ಫಾದರ್ ಕನ್ನಡಕ ಏರಿಸಿ ಓದುತ್ತ ಹೋದರು. “ಈ ಸ್ನಾರ್ಕೆಲ್ ಎಂತದು?”

“ಎಂಜಿನಿಗೆ ಉಸಿರಾಡ್ಲಿಕ್ಕೆ. ನೀರು ಬಾನೆಟ್ ತನಕ ಬಂದ್ರೆ.”

“ನಾನು ಅಷ್ಟೆಲ್ಲ ನೀರು ಹಾಕುದಿಲ್ಲ,” ಎಂದರು ಫಾದರ್.

ಆದರೂ ಒಂದೊಂದಕ್ಕೂ ಬೇರೆಬೇರೆಯಾಗಿ ಚಿಮುಕಿಸಿದರು. ಓಸ್ವಿನ್ ಹಾಳೆಯನ್ನು ಮಡಿಸಿ ಗಾಡಿಯ ಗೂಡಿನಲ್ಲಿಟ್ಟರು. ಅವರ ಮುಖದಲ್ಲಿ, ತಿಳಿಸಬೇಕಾದವರಿಗೆಲ್ಲ ತಿಳಿಸಿಯಾಯಿತು ಎಂಬ ನಿರಾಳವಿತ್ತು.

ಅಕ್ಟೋಬರಿನಲ್ಲಿ ಸರ್ರೆ ಬೆಟ್ಟಗಳ ಕಡೆ, ಗಾಡಿ ಓಡಿಸಲು ಅನುಮತಿಯಿರುವ ಒಂದು ಹಳೆಯ ಮಣ್ಣಿನ ದಾರಿಗೆ ನಮ್ಮನ್ನೂ ಕರೆದೊಯ್ದರು. ಅಲ್ಲಿ ಸಿಕ್ಕ ಅತಿ ಆಳದ ನೀರು ನನ್ನ ಪಾದ ಮುಚ್ಚುವಷ್ಟಿತ್ತು. ಸ್ನಾರ್ಕೆಲ್ ಮೇಲಿನಿಂದ ನೋಡಿ ಸುಮ್ಮನಿತ್ತು. ಅನ್ನೆಟ್ ಮಾತ್ರ ಹಿಡಿಕೆಯನ್ನು ಬಿಗಿಹಿಡಿದು ‘ನಮೋ ಮರಿಯೆ’ ಪ್ರಾರ್ಥನೆ ಹೇಳುತ್ತಲೇ ಇದ್ದಳು. ಆಮೇಲೆ ಒಂದು ಏರು ಬಂತು, ಜಾರುವ ಜೇಡಿಮಣ್ಣಿನದು. ಗಾಡಿ ಒಂದೇ ಉಸಿರಿಗೆ ಹತ್ತಿತು. ಮೇಲೆ ನಿಲ್ಲಿಸಿ ಓಸ್ವಿನ್ ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತರು. ನಾನು ಆ ದಿನ ಯಾವ ಚಟಾಕಿಯನ್ನೂ ಹಾರಿಸಲಿಲ್ಲ.

ಜನವರಿಯಲ್ಲಿ ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಯಾರೋ ಹಿಮ್ಮುಖವಾಗಿ ಬಂದು ಅನ್ನೆಟ್‌ಳ ಗಾಡಿಯ ಹಿಂಬಾಗಿಲಿಗೆ ಗುದ್ದಿದರು. ತಪ್ಪು ಅವರದೇ, ಒಪ್ಪಿ ಕ್ಷಮೆಯನ್ನೂ ಕೇಳಿದರು. ಅನ್ನೆಟ್‌ಳ ಇನ್ಶೂರೆನ್ಸಿನ ಕಡೆಯಿಂದ ಜಖಂ ನೋಡಲು ಒಬ್ಬರು ಬಂದರು. ಬಗ್ಗಿದ ಬಾಗಿಲನ್ನು ಅರ್ಧ ನಿಮಿಷ ನೋಡಿದರು. ಉಳಿದ ಗಾಡಿಯನ್ನು ಅರ್ಧ ಗಂಟೆ ಸುತ್ತಿದರು. ಮನೆಗೆ ಬಂದ ಅತಿಥಿಗೆ ತೋಟ ತೋರಿಸುವ ಹಾಗೆ ಓಸ್ವಿನ್ ಜೊತೆಯಲ್ಲೇ ನಡೆದು ವಿವರಿಸಿದರು.

“ಇದನ್ನೆಲ್ಲ ತಿಳಿಸಿದ್ದೀರಾ?” ಎಂದು ಆ ಮನುಷ್ಯ ಇಂಗ್ಲಿಷಿನಲ್ಲಿ ಕೇಳಿದರು.

“ಸೆಪ್ಟೆಂಬರಿನಲ್ಲೇ,” ಎಂದು ಓಸ್ವಿನ್ ಹಾಳೆ ತೆಗೆದುಕೊಟ್ಟರು.

ಅವರು ಓದಿದರು. ಬಿಟ್ಟುಹೋದದ್ದೇನೂ ಇರಲಿಲ್ಲ. “ಬಹಳ ಚೆನ್ನಾಗಿದೆ. ಯಾರಿಗೆ ಕೊಟ್ಟಿರಿ?”

“ಫಾದರ್ ರಿಚರ್ಡ್‌ಗೆ.”

ಆ ಮನುಷ್ಯ ಪಕ್ಕದಲ್ಲಿ ನಿಂತಿದ್ದ ನನ್ನತ್ತ ನೋಡಿದರು. ನಾನು ನಮ್ಮ ಮನೆಯ ಕಸದ ತೊಟ್ಟಿಯತ್ತ ನೋಡಿದೆ.

ಹತ್ತು ದಿನದಲ್ಲಿ ಪತ್ರ ಬಂತು. ಗಾಡಿಯಲ್ಲಿ ಮಾಡಿದ ಬದಲಾವಣೆಗಳನ್ನು ಮುಚ್ಚಿಟ್ಟಿರುವುದರಿಂದ, ಇಂದಿನಿಂದ ಏಳು ದಿನಕ್ಕೆ, ಜನವರಿ ಮೂವತ್ತೊಂದರ ಶನಿವಾರಕ್ಕೆ, ವಿಮೆ ರದ್ದು. ಅನ್ನೆಟ್ ಓದಿ ಮುಗಿಸಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ವಿಮೆಯಿಲ್ಲದೆ ಗಾಡಿ ಇಲ್ಲ, ಗಾಡಿ ಇಲ್ಲದೆ ರೌಂಡ್ಸ್ ಇಲ್ಲ. ಓಸ್ವಿನ್ನರಿಗೆ ಚುಚ್ಚಿದ್ದು ಬೇರೆ ಮಾತು.

“ಮುಚ್ಚಿಟ್ಟದ್ದಾ? ಮುಚ್ಚಿಡುವವ ಆದ್ರೆ ಫಾದರಿಗೆ ಹೇಳ್ತಿದ್ನಾ ಅನ್ನೆಟ್?”

ನಗಬೇಕೆನಿಸಿತು, ನಗಲಾಗಲಿಲ್ಲ. ಅವರು ಸುಳ್ಳಾಡುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಪಾದ್ರಿಗೆ ಹೇಳಿದ್ದೆಂದರೆ ಹೇಳಬಹುದಾದ ಅತ್ಯಂತ ಮೇಲಿನ ಜಾಗಕ್ಕೆ ಹೇಳಿದ್ದು. ಇನ್ಶೂರೆನ್ಸ್ ಎಂದರೆ ಪೊಲೀಸರು ನಿಲ್ಲಿಸಿದಾಗ ತೋರಿಸುವ ಕಾಗದ. ಕಾಗದಕ್ಕೆ ಯಾರಾದರೂ ಸುದ್ದಿ ಹೇಳುತ್ತಾರೆಯೇ?

ಬದಲಾಯಿಸಿದ ಗಾಡಿಗಳಿಗೆಂದೇ ವಿಮೆ ಮಾಡುವ ಇನ್ನೊಂದು ಕಂಪನಿಗೆ ಓಸ್ವಿನ್ ಶುಕ್ರವಾರ ಫೋನ್ ಮಾಡಿದರು. ಸೋಮವಾರ ಮಾತಾಡೋಣ ಎಂದರು ಅಲ್ಲಿಯವರು. ಆ ಒಂದು ದಿನ ಬಸ್ಸಿನಲ್ಲಿ ಓಡಾಡುತ್ತೇನೆ ಎಂದು ಅನ್ನೆಟ್ ಆಫೀಸಿಗೆ ತಿಳಿಸಿ ಒಪ್ಪಿಸಿದಳು.

ಭಾನುವಾರ ಸಂಜೆಯಿಂದ ಹಿಮ ಸುರಿಯಿತು. ಹದಿನೆಂಟು ವರ್ಷಗಳಲ್ಲಿ ಅಂಥದ್ದು ಬಿದ್ದಿರಲಿಲ್ಲವಂತೆ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಬೀದಿಯೇ ಇಲ್ಲ. ಲಂಡನ್ನಿನಲ್ಲಿ ಒಂದೇ ಒಂದು ಬಸ್ಸು ಓಡುತ್ತಿಲ್ಲ ಎಂದು ರೇಡಿಯೋ ಹೇಳಿತು. ಇಷ್ಟು ದೊಡ್ಡ ಊರು ಅರ್ಧ ಮೊಣಕಾಲಿನ ಬಿಳಿ ಪುಡಿಗೆ ಶರಣಾಯಿತೇ ಎಂದು ಬೆಪ್ಪಾಗಿ ಮಿನೇಜಸ್ ಮನೆಗೆ ಹೋದೆ. ಅಲ್ಲಿ ಇನ್ನೂ ದೊಡ್ಡ ಆಘಾತ ಕಾದಿತ್ತು: ಗಾಡಿ. ಆ ಹಲ್ಲಿನ ಟಯರು, ಆ ಎತ್ತರ, ಆ ವಿಂಚ್. ಇಡೀ ಬೀದಿಯಲ್ಲಿ ಅಂದು ಹೊರಡಬಲ್ಲ ಒಂದೇ ಒಂದು ಗಾಡಿ, ಹೊರಡಬಾರದ ಗಾಡಿಯಾಗಿ ನಿಂತಿತ್ತು.

“ಡ್ಯಾಡ್,” ಎಂದಳು ಶಾಲೆಗೆ ರಜೆ ಸಿಕ್ಕ ಶರಲ್, “ದಿಸ್ ಈಸ್ ಲಿಟರಲಿ ವಾಟ್ ಇಟ್ಸ್ ಫಾರ್.”

ಓಸ್ವಿನ್ ಬೀಗದ ಕೈಯನ್ನು ಹಿಡಿದು ನಿಂತಿದ್ದರು. “ಯಾರು ನೋಡ್ತಾರೆ ಅನ್ನೆಟ್? ಪೊಲೀಸ್ ಗಾಡಿ ಸಹ ಹೂತು ಹೋಗಿ ಉಂಟು. ಒಂದೇ ಒಂದು ದಿನ.”

“ಯಾರಿಗಾದ್ರೂ ತಾಗಿದ್ರೆ?”

“ರಸ್ತೆಯಲ್ಲಿ ಯಾರುಂಟು ತಾಗ್ಲಿಕ್ಕೆ?”

“ನಾನು ಉಂಟು. ಹಿಡಿದ್ರೆ ನನ್ನ ಕೆಲಸ ಹೋಗ್ತದೆ. ಆಮೇಲೆ ನೀಲವ್ವನಲ್ಲಿಗೆ ಯಾರು ಹೋಗುದು, ಫಾದರ್ ರಿಚರ್ಡಾ?” ಅವಳು ಬೂಟಿನ ದಾರ ಕಟ್ಟುತ್ತಲೇ ಹೇಳಿದಳು. “ಎಂಟೂವರೆಗೆ ಅವರಿಗೆ ಇನ್ಸುಲಿನ್. ನಡೀತೇನೆ.”

ನೀಲವ್ವ ಗದಗ ಕಡೆಯ ಎಪ್ಪತ್ತೆಂಟರ ಮುದುಕಿ. ಸೂಜಿಯ ಗೆರೆ ಕಾಣಲಾರದಷ್ಟು ಕಣ್ಣು ಮಂಜು. ಮಗ ಕೆಲಸದ ಮೇಲೆ ಬೇರೆ ಊರಿಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದ. ಇಂಜೆಕ್ಷನ್ ಆಗದೆ ತುತ್ತು ಎತ್ತಬಾರದೆಂದು ಅನ್ನೆಟ್ ಹೇಳಿದ್ದನ್ನು ಆಕೆ ವ್ರತದಂತೆ ಪಾಲಿಸುವವಳು. ಮನೆ ಬ್ಯಾನ್‌ಸ್ಟೆಡ್ ಕಡೆಯ ಏರಿನ ಮೇಲೆ, ಮೂರು ಮೈಲಿ.

ಓಸ್ವಿನ್ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಸಲಿಕೆ ತೆಗೆದುಕೊಂಡು ಹೆಂಡತಿಗಿಂತ ಮುಂದೆ ಹೊರಟರು.

ಮುಂದಿನದು ಅನ್ನೆಟ್ ನನಗೆ ಹೇಳಿದ್ದು. ದಾರಿಯುದ್ದಕ್ಕೂ ಓಸ್ವಿನ್ ಮುಂದೆ, ಹಿಮ ತುಳಿದು ದಾರಿ ಮಾಡುತ್ತ. ಅವರ ಹೆಜ್ಜೆಗುರುತಿನೊಳಗೆ ಹೆಜ್ಜೆಯಿಟ್ಟು ಅವಳು ಹಿಂದೆ. ಏರಿನಲ್ಲಿ ಅವರು ಮೂರು ಸಲ ಬಿದ್ದರಂತೆ, ಮದ್ದಿನ ಚೀಲವನ್ನು ಮೂರು ಸಲವೂ ಮೇಲೆತ್ತಿ ಹಿಡಿದು. ತಲುಪಿದಾಗ ಹತ್ತೂ ಮುಕ್ಕಾಲು. ಬೆಲ್ ಒತ್ತಿದರೆ ಉತ್ತರವಿಲ್ಲ. ಎರಡನೆಯ ಬಾರಿಯೂ ಇಲ್ಲ. ಓಸ್ವಿನ್ ಸಲಿಕೆಯಿಂದ ಕಿಟಕಿ ಒಡೆಯುವುದೋ ಎಂದು ಯೋಚಿಸುವಷ್ಟರಲ್ಲಿ ಒಳಗಿನಿಂದ ಚಿಲಕದ ಸದ್ದಾಯಿತು.

ನೀಲವ್ವ ಗೋಡೆ ಹಿಡಿದು ನಿಂತಿದ್ದಳು, ಬಾಯಿ ಒಣಗಿ, ಮಾತು ತೊದಲಿ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇಲ್ಲಿನ ಅಳತೆಯಲ್ಲಿ ಇಪ್ಪತ್ತೆರಡಕ್ಕೆ, ನಮ್ಮೂರ ಲೆಕ್ಕದಲ್ಲಿ ನಾನೂರರ ಹತ್ತಿರಕ್ಕೆ ಏರಿತ್ತು. ಅನ್ನೆಟ್ ಇಂಜೆಕ್ಷನ್ ಕೊಟ್ಟು, ಆಫೀಸಿಗೆ ಫೋನ್ ಮಾಡಿ ಡಾಕ್ಟರರ ಮಾತು ಕೇಳಿ, ನೀರು ಕುಡಿಸಿ ಪಕ್ಕದಲ್ಲೇ ಕುಳಿತಳು. ಓಸ್ವಿನ್ ಅಡುಗೆಮನೆಯಲ್ಲಿ ರೊಟ್ಟಿ ಹುಡುಕಿ ಬಿಸಿ ಮಾಡಿದರು. ಸ್ವಲ್ಪ ಚೇತರಿಸಿಕೊಂಡ ಮೇಲೆ ಮುದುಕಿ, ಮಂಡಿಯವರೆಗೆ ತೊಯ್ದಿದ್ದ ಆ ಗಂಡಸನ್ನು ದಿಟ್ಟಿಸಿದಳು.

“ಇಂವ ಯಾರವ್ವಾ?”

“ನನ್ನ ಗಂಡ, ಅಜ್ಜಿ.”

“ನಡಕೊಂತ ಬಂದ್ರೇನು? ಗಾಡಿ ಇಲ್ಲೇನಪಾ ನಿಮಗ?”

“ಉಂಟು ಅಜ್ಜಿ,” ಎಂದರು ಓಸ್ವಿನ್. “ಭಾರೀ ಒಳ್ಳೇದುಂಟು. ಮನೆ ಎದುರು ನಿಂತು ಉಂಟು.”

ನೀಲವ್ವ ರೊಟ್ಟಿ ಮುರಿದಳು. “ಬ್ಯಾಡಾದ ದಿನ ಓಡಿ, ಬೇಕಾದ ದಿನ ನಿಲ್ಲೂದು ಗಾಡಿ ಅಲ್ಲೋ ತಮ್ಮಾ. ಅದು ಅಳಿಯ.”

ಅಂದು ಇನ್ನೂ ನಾಲ್ಕು ಮನೆಗಳಿದ್ದವು. ನಾಲ್ಕಕ್ಕೂ ನಡೆದರು. ಸಂಜೆ ಮನೆಗೆ ಬಂದಾಗ ಅನ್ನೆಟ್‌ಳ ಬೂಟನ್ನು ಓಸ್ವಿನ್ನರೇ ಎಳೆದು ತೆಗೆದರು. ಅವಳ ಬೆರಳು ಮಡಚುತ್ತಿರಲಿಲ್ಲ.

ಮರುದಿನ ಆ ಹೊಸ ವಿಮೆ ಕಂಪನಿಗೆ ಫೋನ್ ಮಾಡಿದಾಗ ನಾನೂ ಅಲ್ಲಿದ್ದೆ. ಓಸ್ವಿನ್ ಚರ್ಚಿನ ತಪ್ಪೊಪ್ಪಿಗೆಯ ಪೆಟ್ಟಿಗೆಯೊಳಗೆ ಮಂಡಿಯೂರಿದವರಂತೆ ತಗ್ಗಿದ ದನಿಯಲ್ಲಿ, ಹಳೆಯ ವಿಮೆ ರದ್ದಾದದ್ದರಿಂದ ಹಿಡಿದು ಒಂದೊಂದು ಬೋಲ್ಟಿನವರೆಗೆ ಹೇಳಿದರು. ಆಚೆಯ ಹೆಂಗಸು ಟೈಪ್ ಮಾಡುವ ಸದ್ದು ಸ್ಪೀಕರಿನಲ್ಲಿ ಕೇಳುತ್ತಿತ್ತು. ವಿಂಚ್ ತೆಗೆದುಬಿಟ್ಟರೆ ವಿಮೆ ಕೊಡಬಹುದು ಎಂದಳು. ತೆಗೆಯುತ್ತೇನೆ ಎಂದರು. ಲಿಫ್ಟ್ ಇರಲಿಯೇ ಎಂದು ಕೇಳಿದಳು. ಅವರು ಅನ್ನೆಟ್‌ಳತ್ತ ನೋಡಿದರು. ಅವಳು ಸ್ವಲ್ಪ ಯೋಚಿಸಿ, ಇರಲಿ ಎಂದು ತಲೆಯಾಡಿಸಿದಳು.

“ಕೊನೆಯ ಪ್ರಶ್ನೆ,” ಎಂದಳು ಆ ಹೆಂಗಸು. “ಈ ಗಾಡಿಯನ್ನು ಮುಖ್ಯವಾಗಿ ಓಡಿಸುವವರು ಯಾರು?”

ಓಸ್ವಿನ್ ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ವಿಂಚ್ ಬಿಚ್ಚುವ ಸ್ಪ್ಯಾನರ್ ಹುಡುಕಲು ಎದ್ದುಹೋದರು.