ಮುಚ್ಚಬಾರದಿದ್ದ ತೂತು

ರಂಗೋಲಿಯ ಎಡಮೂಲೆಯ ಚುಕ್ಕಿಯ ಮೇಲೆ ಹುಣಿಸೆಬೀಜದಷ್ಟು ಅಗಲದ ಒಂದು ಹಸಿರು ಹನಿ ಬಿದ್ದಿತ್ತು. ಅಮ್ಮ ರಂಗೋಲಿಗೆ ಬಣ್ಣ ತುಂಬುವವಳಲ್ಲ. ಪುರಸವಾಕ್ಕಂನ ನಮ್ಮ ಬೀದಿಯಲ್ಲಿ ಹಸಿರು ಉದುರಿಸುವಂಥ ಮರವೂ ಇಲ್ಲ. ತಲೆಯೆತ್ತಿದರೆ, ಗೇಟಿನೊಳಗೆ ಪೂರ್ತಿ ಹಿಡಿಸದೆ ಮೂತಿಯನ್ನು ಬೀದಿಗೆ ಚಾಚಿ ನಿಂತಿದ್ದ, ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ಚಿಕ್ಕದಾದ ಅಪ್ಪಾಜಿಯ ಕಾರು ಕಂಡಿತು. ಮೊಬೈಲಿನ ಬೆಳಕು ಹಿಡಿದು ಅದರ ಕೆಳಗೆ ತೂರಿ ನೋಡಿದೆ. ಇಂಜಿನ್ನನ್ನು ತಣಿಸುವ ಹಸಿರು ನೀರನ್ನು ತಿರುಗಿಸುವ ವಾಟರ್ ಪಂಪಿನ ಕುತ್ತಿಗೆಯಲ್ಲಿ, ಕಂಪಾಸಿನಿಂದ ಬರೆದಷ್ಟು ದುಂಡಗಿನ ಒಂದು ತೂತು. ಅದರ ಅಂಚಿನಲ್ಲಿ ಎರಡನೆಯ ಹನಿ ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು.

ಈ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳದಿರುವುದು ನನಗೆ ಹುಟ್ಟಿನಿಂದಲೇ ಸಿದ್ಧಿಸಿದ ವಿದ್ಯೆ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವವರೆಗೆ ಹಲ್ಲುನೋವನ್ನು ಮನೆಯವರಿಂದ ಬಚ್ಚಿಟ್ಟು, ಒಳ್ಳೆಯ ಅಂಕಗಳನ್ನೂ ದವಡೆಯಲ್ಲೊಂದು ಖಾಲಿ ಜಾಗವನ್ನೂ ಏಕಕಾಲಕ್ಕೆ ಸಂಪಾದಿಸಿದವಳು ನಾನು. ಆದರೆ ಈ ಸಲದ ಮೌನಕ್ಕೆ ಸ್ವಭಾವವಲ್ಲದೆ ಬೇರೊಂದು ಕಾರಣವೂ ಇತ್ತು. ಹಿಂದಿನ ವರ್ಷ ಈ ಕಾರು ಸೇತುವೆಯೊಂದರ ನಡುವೆ ಬ್ಯಾಟರಿ ಸತ್ತು ನಿಂತಾಗ, ಟಿ. ನಗರದಲ್ಲಿರುವ ನನ್ನ ಅಕ್ಕ ಭಾವನೊಡನೆ ಬಂದು ಒಂದು ಶಾಸನ ಹೊರಡಿಸಿದ್ದಳು. "ಇನ್ನೊಂದು ವಾಟಿ ರೋಡಲ್ಲಿ ನಿಂತ್ರೆ ಅಷ್ಟೇ ಅಪ್ಪಾಜಿ, ಕೀ ನನ್ನ ಕೈಗೆ. ಎಪ್ಪತ್ತೊಂದು ವಯಸ್ಸಲ್ಲಿ ಯಾರಾದ್ರೂ ಇದನ್ನ ಓಡಿಸ್ತಾರಾ?" ಅಪ್ಪಾಜಿ ಜವಳಿ ವ್ಯಾಪಾರದಲ್ಲಿ ಮಾತಿಗೆ ತಪ್ಪದೆ ಬದುಕಿದವರು, ಆಗಲಿ ಎಂದುಬಿಟ್ಟರು. ಹಾಗೆಂದಮೇಲೆ ಪ್ರತಿ ಸೋಮವಾರ ಹಣೆಗೆ ವಿಭೂತಿ ಧರಿಸಿ ತಿರುವೊಟ್ಟಿಯೂರಿನ ದೇವಸ್ಥಾನಕ್ಕೆ ತಾವೇ ಕಾರು ನಡೆಸಿಕೊಂಡು ಹೋಗಿಬರುವ ಅವರ ಒಂದೇ ಒಂದು ಸ್ವಾತಂತ್ರ್ಯ, ಈ ಇಂಜಿನ್ನಿನ ಆರೋಗ್ಯದ ಮೇಲೆ ನಿಂತಿತ್ತು.

ನಾನು ಓದಿದ್ದು ಭೌತಶಾಸ್ತ್ರ. ದ್ರವಗಳ ಚಲನೆಯ ಪತ್ರಿಕೆಯಲ್ಲಿ ತರಗತಿಗೇ ಮೊದಲಿಗಳಾಗಿದ್ದೆ. ಇಷ್ಟು ವಿದ್ವತ್ತಿನ ಬಲದಿಂದ ನಾನು ಕೈಗೊಂಡ ತೀರ್ಮಾನವೇನು ಗೊತ್ತೇ? ಸೋರುವ ನಲ್ಲಿಗೆ ಹಚ್ಚುವ, ಎರಡು ಬಣ್ಣದ ಮುದ್ದೆಗಳನ್ನು ಕಲಸಿ ಮಾಡುವ ಅಂಟನ್ನು ಅಡುಗೆಮನೆಯ ಡ್ರಾಯರಿನಿಂದ ತಂದು, ತೂತನ್ನು ಒರೆಸಿ ಒಣಗಿಸಿ, ಮೆತ್ತಿ, ಒದ್ದೆ ಬೆರಳಿನಿಂದ ಸವರಿ ನುಣುಪುಗೊಳಿಸಿದೆ. ಮರುದಿನದ ರಂಗೋಲಿ ಶುಭ್ರವಾಗಿತ್ತು. ಕಾಣದಂತೆ ಮಾಡಿದ್ದು ಗುಣವಾಯಿತೆಂದು ನಂಬುವುದು ವಿದ್ಯಾವಂತರ ವ್ಯಸನವಿರಬೇಕು. ನಿಮಗೂ ಅದರ ಪರಿಚಯ ಇದ್ದೀತು.

ಅದಾದ ಮೂರನೆಯ ಸೋಮವಾರ ನನಗೆ ರಜೆ. ಅಪ್ಪಾಜಿಯ ಪಕ್ಕದಲ್ಲಿ ಕೂತು ನಾನೂ ತಿರುವೊಟ್ಟಿಯೂರಿಗೆ ಹೋಗಿದ್ದೆ. ಹಿಂತಿರುಗುವಾಗ ಇಂಜಿನ್ನಿನೊಳಗೆ ಒಣ ಗಿರಣಿಯಂಥ ಒಂದು ಸದ್ದು ಎದ್ದಿತು. "ಗಾಳಿ ಇರ್ಬೇಕವ್ವ" ಎಂದರು ಅಪ್ಪಾಜಿ. ಗಾಳಿ ಹಾಗೆ ಕೂಗುವುದಿಲ್ಲವೆಂದು ನನಗೆ ಗೊತ್ತಿತ್ತು, ಆಗಲೂ ಸುಮ್ಮನಿದ್ದೆ. ಕಾಸಿಮೇಡು ಬರುವಷ್ಟರಲ್ಲಿ ಶಾಖದ ಮುಳ್ಳು ಕೆಂಪು ಗೆರೆ ದಾಟಿತು. ಅಪ್ಪಾಜಿ ಕಾರನ್ನು ಪಕ್ಕಕ್ಕೆ ತಂದು ಇಂಜಿನ್ ಆರಿಸಿದ್ದು, ಮೀನು ಸಾಗಿಸುವ ಲಾರಿಗಳೂ ದೋಣಿಗಳ ಇಂಜಿನ್ನುಗಳೂ ರಿಪೇರಿಯಾಗುವ ಒಂದು ತಗಡಿನ ಶೆಡ್ಡಿನ ಮುಂದೆ. ಹುಟ್ಟಿನಿಂದ ಮೊಟ್ಟೆಯನ್ನೂ ಮುಟ್ಟದ ಮನುಷ್ಯ, ಬಾಳೆಲೆಯಲ್ಲಿ ಸುತ್ತಿದ ಪ್ರಸಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ ದಿನಪತ್ರಿಕೆ ಹಾಸಿ, ಮಠದ ಜಗಲಿಯಲ್ಲಿ ಕೂತಷ್ಟೇ ನೆಮ್ಮದಿಯಿಂದ ಕೂತರು.

ಮೆಕ್ಯಾನಿಕ್ಕಿನ ಹೆಸರು ಸೂಸೈ. ಐವತ್ತರ ಆಸುಪಾಸಿನ, ತೆಳ್ಳಗಿನ ಮನುಷ್ಯ. ಇಂಜಿನ್ ತಣಿದಮೇಲೆ ಬೆಲ್ಟನ್ನು ಸಡಿಲಿಸಿ, ಪಂಪಿನ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿದ. ಅದು ಬೀಳಲಿರುವ ಹಾಲುಹಲ್ಲಿನ ಹಾಗೆ ಆಡಿತು. "ಪಂಪ್ ಕಾಲಿ ಸಾರ್. ಪುದುಸು ಹಾಕಬೇಕು" ಎಂದ. ಹೊಸ ಪಂಪು ಸ್ಕೂಟರಿನ ಮೇಲೆ ಬಂದಿತು. ಬೋಲ್ಟುಗಳು ಬಿಚ್ಚಿ ಹಳೆಯ ಪಂಪು ಕೈಗೆ ಬಂದಾಗ ಅವನು ಅದನ್ನು ತಿರುಗಿಸಿ, ನನ್ನ ನುಣುಪಾದ ಕಲಾಕೃತಿಯ ಮೇಲೆ ಹೆಬ್ಬೆರಳಾಡಿಸಿ, ನಿಧಾನವಾಗಿ ಕೇಳಿದ: "ಯಾರ್ ಸಾರ್ ಇಂದ ವೇಲೆ ಪಣ್ಣದು?"

ಈ ಘನಕಾರ್ಯ ಯಾರದ್ದೆಂಬ ಆ ಪ್ರಶ್ನೆಗೆ ನಾನು ಬಾಯಿ ತೆರೆಯುವಷ್ಟರಲ್ಲಿ, ಅಥವಾ ತೆರೆಯಬೇಕೆಂದು ಯೋಚಿಸುವಷ್ಟರಲ್ಲಿ, ಮೀನಿನ ಪೆಟ್ಟಿಗೆಯಿಂದ ಉತ್ತರ ಬಂತು: "ನಾನ್ ತಾನ್‌ಪ್ಪಾ."

ಸೂಸೈ ನಕ್ಕ. ಸಿಟ್ಟಿಲ್ಲದ ನಗು. ತನ್ನ ತಮಿಳಿನಲ್ಲಿ ಅವನು ವಿವರಿಸಿದ್ದು ಇಷ್ಟು: "ಇದು ಒಡೆದ ತೂತಲ್ಲ ಸಾರ್, ಮಾಡಿದವನೇ ಇಟ್ಟದ್ದು. ಒಳಗಿನ ಸೀಲ್ ಸವೆದರೆ ನೀರು ಮೊದಲು ಇಲ್ಲಿಂದ ಹನಿಯುತ್ತೆ. ನೀವು ಬಾಗಿಲು ಹಾಕಿದ್ರಿ, ಅದು ಬೇರಿಂಗಿಗೆ ಹೋಗಿ ಗ್ರೀಸೆಲ್ಲ ತೊಳೆದುಬಿಡ್ತು. ಇಲ್ಲಿ ರಸ್ತೆ ಇದೆ, ಬಚಾವ್. ನಮ್ಮ ಜನ ಕಡಲಿಗೆ ಇಳಿಯೋ ಮುಂಚೆ ದಿನಾ ಬಗ್ಗಿ ಈ ತೂತು ನೋಡ್ತಾರೆ. ನಡುನೀರಲ್ಲಿ ನಿಂತ್ರೆ ಯಾರನ್ನ ಕರೀತೀರಿ?" ಎಪ್ಪತ್ತೆರಡರ ಶಿಷ್ಯ ತಲೆಯಾಡಿಸುತ್ತ ಪಾಠ ಕೇಳಿದರು. ತರಗತಿಗೇ ಮೊದಲಿಗಳಾದ ವಿದ್ಯಾರ್ಥಿನಿ ರಸ್ತೆಯ ಆಚೆ ಬಲೆ ಹೊಲಿಯುತ್ತಿದ್ದವರನ್ನು ಅತ್ಯಂತ ಆಸಕ್ತಿಯಿಂದ ನೋಡುತ್ತಿದ್ದಳು.

ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಬ್ಲೇಡಿನಿಂದ ಕೆರೆದು, ಹೊಸದನ್ನು ಕೂರಿಸಿ, ಒಂದು ಬೋಲ್ಟು ಬಿಗಿದಮೇಲೆ ಅದರ ಎದುರು ಮೂಲೆಯದನ್ನು ಬಿಗಿಯುತ್ತ ಸೂಸೈ ಹೊಸ ಪಂಪನ್ನು ಕೂಡಿಸಿದ. ನೀರು ತುಂಬಿ, ರೇಡಿಯೇಟರಿನ ಮುಚ್ಚಳ ತೆರೆದಿಟ್ಟೇ ಇಂಜಿನ್ ಓಡಿಸಿ, ಒಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆಗಳಾಗಿ ಹೊರಬೀಳುವವರೆಗೆ ಕಾಯ್ದ. ಅವಸರವಿಲ್ಲದ ಆ ಕಾಯುವಿಕೆಯನ್ನು ನೋಡುತ್ತ ನನಗನ್ನಿಸಿತು: ಯಂತ್ರ ಮಾಡಿದವರು ಅದು ಎಂದೆಂದಿಗೂ ಸೋರದೆಂಬ ಜಂಬ ಪಡಲಿಲ್ಲ, ಸೋರುವ ದಿನ ಬಂದೀತೆಂದು ಒಪ್ಪಿಕೊಂಡು, ಆ ದಿನ ಅದು ಬಾಯಿಬಿಡಲೊಂದು ಜಾಗ ಕೊಟ್ಟರು. ನನ್ನನ್ನು ಬೆಳೆಸಿದವರೂ ಕೊಟ್ಟಿದ್ದರು. ಅದನ್ನು ಚೊಕ್ಕಟವಾಗಿ ಮುಚ್ಚಿಕೊಂಡವಳು ನಾನೇ.

ಮನೆಯ ದಾರಿಯಲ್ಲಿ, ನೀವೇಕೆ ಒಪ್ಪಿಕೊಂಡಿರಿ ಎಂದು ಕೇಳಿದೆ. "ಅಷ್ಟು ನೀಟಾಗಿ ಮೆತ್ತೋರು ನಮ್ಮನ್ಯಾಗೆ ಇನ್ನ್ಯಾರದಾರವ್ವ?" ಎಂದರು ಅಪ್ಪಾಜಿ. "ಆ ಮನುಷ್ಯ ನಿನ್ನ ಮುಂದೆ ನಗಾದು ಯಾಕೆ, ನನ್ ಮುಂದೆ ನಗ್ಲಿ."

ಆದರೆ ಕೊಟ್ಟ ಮಾತಿನಂತೆ ಅವರು ಸಂಜೆ ತಾವಾಗಿಯೇ ಅಕ್ಕನಿಗೆ ಫೋನು ಮಾಡಿ, ಕಾರು ನಿಂತದ್ದನ್ನೂ ನಿಂತ ಕಾರಣವನ್ನೂ ವರದಿ ಮಾಡಿದರು. ಕಾರಣದಲ್ಲಿ ಮೆತ್ತಿದ ಬೆರಳು ಅವರದೇ ಆಗಿ ಉಳಿಯಿತು. ಬಳಿಕ ಅಕ್ಕ ಅದೇ ಫೋನಿಗೆ ನನ್ನನ್ನು ಕರೆಸಿಕೊಂಡಳು. "ಪಾರ್ತಿಯಾ, ನೋಡಿದ್ಯಾ? ಅಪ್ಪಾಜಿಗೆ ತಲೆ ಓಡ್ತಿಲ್ಲ ಕಣೇ. ಇಂಜಿನ್ ತೂತಿಗೆ ನಲ್ಲಿ ಅಂಟು ಹಾಕ್ತಾರಂತೆ. ಕಾರು ಮಾತ್ರ ಅಲ್ಲ, ಇನ್ನು ಬ್ಯಾಂಕು ಗೀಂಕು ಕೂಡ ಒಬ್ರನ್ನೇ ಕಳಿಸ್ಬೇಡ. ನಾಳೆ ಆಫೀಸಿಗೆ ಹೋಗೋ ಮುಂಚೆ ಬಂದು ಕೀ ತಗೊಂಡ್ ಹೋಗ್ತೀನಿ." ನಾನು "ಹೂಂ" ಎಂದೆ. ಒಂದೇ ಅಕ್ಷರದಲ್ಲಿ ಅಪ್ಪಾಜಿಯ ವಯಸ್ಸು ಹತ್ತು ವರ್ಷ ಹೆಚ್ಚಾಯಿತು. ಪಕ್ಕದ ಕೋಣೆಯಲ್ಲಿ ಅವರು ಕೀಗೊಂಚಲಿನಿಂದ ಕಾರಿನ ಕೀಯನ್ನು ಬಿಡಿಸುತ್ತಿದ್ದರು. ಗೊಂಚಲಿನ ಬಿಗಿಯಾದ ಬಳೆ, ಉಗುರು ಹಾಕಿದಷ್ಟೂ ಜಾರುತ್ತಿತ್ತು.

ಮರುದಿನ ಬೆಳಿಗ್ಗೆ ಅಕ್ಕ ನಮ್ಮಲ್ಲಿಗೆ ಬರುವ ಮೊದಲೇ ನಾನು ಆಟೋ ಹಿಡಿದು ಟಿ. ನಗರಕ್ಕೆ ಹೋದೆ. ಅವಳು ಡಬ್ಬಿಗೆ ಇಡ್ಲಿ ತುಂಬುತ್ತಿದ್ದಳು. ಭಾವ ಬಾಲ್ಕನಿಯಲ್ಲಿ ಪೇಪರಿನ ಹಿಂದೆ ಇದ್ದರು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಅಂಟು ಮೆತ್ತಿದ್ದು ನಾನು ಅಕ್ಕ, ಅಪ್ಪಾಜಿ ಅಲ್ಲ" ಎಂದೆ, ಬಾಲ್ಕನಿಗೂ ಕೇಳಿಸುವಷ್ಟು ಜೋರಾಗಿ.