ರಾಣಿಯಾಗಿದ್ದ ಅಪ್ಪ

ಸೀರೆಯ ನಿರಿಗೆ ಹಿಡಿಯುವುದು ನನಗೆ ಈ ವಯಸ್ಸಿನಲ್ಲೂ ನೆಟ್ಟಗೆ ಬಾರದು. ಒಂದು ನಿರಿಗೆ ಉದ್ದ, ಇನ್ನೊಂದು ಗಿಡ್ಡ. ನೋಡಿದವರು ನಕ್ಕರೆ, ಈ ವಿದ್ಯೆ ನಮ್ಮಲ್ಲಿ ಪಿತ್ರಾರ್ಜಿತ, ಹೆಣ್ಣುಮಗಳೆಂದು ನನಗೆ ಪಾಲು ಸಿಗಲಿಲ್ಲ ಎಂದು ಹೇಳಿ ಪಾರಾಗುತ್ತೇನೆ. ಮಾತು ಅರ್ಧ ನಿಜ. ಸೀರೆ ಉಡುವುದರಲ್ಲಿ ನಮ್ಮಪ್ಪನನ್ನು ಮೀರಿಸುವವರು ನಮ್ಮೂರು ನಿಲಂಗಾದ ಪೇಟೆಯಲ್ಲೇ ಇರಲಿಲ್ಲ.

ಅಪ್ಪ ಬಟ್ಟೆ ವ್ಯಾಪಾರಿಯ ಮಗ. ನಿಜಾಮರ ಕಾಲ, ಶಾಲೆಯಲ್ಲಿ ಉರ್ದು, ಪೇಟೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಮೂರು ಭಾಷೆ ಬಲ್ಲ ಆ ಮನುಷ್ಯನಿಗೆ ಹೆಸರು ತಂದದ್ದು ಮಾತ್ರ ಮಾತೇ ಇಲ್ಲದ ಸಿನಿಮಾ. ಮದುವೆಯಾದ ಮರುವರ್ಷ ಬಟ್ಟೆ ತರಲೆಂದು ಸೋಲಾಪುರಕ್ಕೆ ಹೋದವರು ನಾಟಕದವರ ಬೆನ್ನು ಹತ್ತಿ ಕೊಲ್ಹಾಪುರದ ಸಿನಿಮಾ ಕಂಪನಿ ಸೇರಿದರು. ಹೆಂಗಸರು ಕ್ಯಾಮೆರಾದ ಮುಂದೆ ನಿಲ್ಲಲು ಒಪ್ಪದ ಕಾಲವದು. ತೆಳ್ಳಗಿನ ಮೈಯ, ದೊಡ್ಡ ಕಣ್ಣಿನ ಅಪ್ಪ ಅಡವಿಗೆ ಅಟ್ಟಿದ ರಾಣಿಯಾಗಿ ಅತ್ತರು. ಊರೂರಿನ ಜನ ಜೊತೆಗೂಡಿ ಅತ್ತರು.

ಉದಗೀರದಲ್ಲಿ ಆ ಸಿನಿಮಾದ ತಂಬು ಹೂಡಿದಾಗ, ಮಗನ ಹೆಸರೆತ್ತಿದರೆ ಉರಿಯುತ್ತಿದ್ದ ಅಜ್ಜ ಗಾಡಿ ಕಟ್ಟಿಸಿಕೊಂಡು ಹೋಗಿ ನೋಡಿ ಬಂದು, “ಸೊಸಿಗಿಂತ ಮಗಾನೇ ಲಕ್ಷಣ ಕಾಣಸ್ತಾನ” ಎಂದನಂತೆ. ಸೊಸೆಯೆಂದರೆ ನಮ್ಮವ್ವ. ಮನೆಯವರೆಲ್ಲ ನೋಡಿ ಬಂದರೂ ಆಕೆ ಹೋಗಲಿಲ್ಲ.

ಆಮೇಲೆ ಸಿನಿಮಾಕ್ಕೆ ನಿಜವಾದ ಹೆಂಗಸರು ಬಂದರು. ಮಾಲೀಕರು ಅಪ್ಪನ ಕೈಗೆ ಭಲ್ಲೆ ಕೊಟ್ಟು ಹೊಸ ರಾಣಿಯ ಹಿಂದೆ ಕಾವಲುಗಾರನಾಗಿ ನಿಲ್ಲಿಸಿದರು. ರಾಣಿ ಮೂರ್ಛೆ ಹೋದಳು; ರೂಢಿಬಲದಿಂದ ಕಾವಲುಗಾರನೂ ಮೂರ್ಛೆ ಹೋದ! ಎಲ್ಲರೂ ಬಿದ್ದು ಬಿದ್ದು ನಕ್ಕರು, ಬಿದ್ದ ಅಪ್ಪನೂ ನಕ್ಕರು. ಮರುದಿನವೇ ಊರಿನ ದಾರಿ ಹಿಡಿದರು.

ಅವ್ವ ಕೈಕಾಲಿಗೆ ನೀರು ಕೊಟ್ಟಳು, ಊಟಕ್ಕೆ ಬಡಿಸಿದಳು. ಆ ವರ್ಷಗಳ ಬಗ್ಗೆ ಮಾತ್ರ ಒಂದು ಮಾತೂ ಕೇಳಲಿಲ್ಲ. ಅಪ್ಪ ಅಂಗಡಿಯಲ್ಲಿ ಕೂತರು. ನಾನು ಹುಟ್ಟಿದೆ. ಮನೆ ಸುಖವಾಗಿಯೇ ಇತ್ತು, ಕೊಲ್ಹಾಪುರವೆಂಬ ಊರೇ ಭೂಮಿಯ ಮೇಲಿಲ್ಲವೆಂಬಂತೆ.

ಕೆಲವು ವರ್ಷಗಳ ನಂತರ, ದೊಡ್ಡ ಪಟ್ಟಣಗಳಲ್ಲಿ ಮಾತಾಡುವ ಸಿನಿಮಾ ಬಂದಿದ್ದಾಗ, ಅಪ್ಪನ ಸವೆದ ಸಿನಿಮಾ ನಿಲಂಗಾಕ್ಕೆ ಬಂತು. “ನಾನೂ ಬರ್ತೀನರಿ” ಎಂದು ಅವ್ವ ಅಂದದ್ದೇ ಅಪ್ಪ ಗಾಬರಿಯಾದರು.

ತಂಬುವಿನಲ್ಲಿ ಗಂಡಸರು ಒಂದು ಕಡೆ, ನಾವು ಹೆಂಗಸರು ಇನ್ನೊಂದು ಕಡೆ. ಪರದೆಯ ಮೇಲೆ ರಾಣಿ ಅಡವಿಯಲ್ಲಿ ಕೂತು ಅಳತೊಡಗಿದಳು. ಗಂಡಸರ ಕಡೆಯಿಂದ ಯಾರೋ ಸೀಟಿ ಹೊಡೆದು, “ಅಳಬ್ಯಾಡ ರಾಣಿ, ಮೀಸಿ ಕಾಣಸ್ತಾವ!” ಎಂದು ಕೂಗಿದ. ನಗೆ ಎದ್ದಿತು. ಸೆರಗು ಬಿಗಿದು ಅವ್ವ ಎದ್ದು ನಿಂತಳು.

“ಏ, ಬಾಯಿ ಮುಚ್ಚರಿ! ಆ ರಾಣಿ ನನ್ನ ಗಂಡ ಹಾನ!”

ತಂಬುವೇ ಹಾರಿಹೋಗುವಂಥ ನಗೆ. ಆ ನಗೆಯಲ್ಲಿ ಅಪ್ಪನ ದನಿ ಎಲ್ಲರಿಗಿಂತ ಮೇಲಿತ್ತು. ಅವ್ವ ಮಾತ್ರ ಕೂತು, ಸಿನಿಮಾ ಮುಗಿಯುವ ತನಕ ಅತ್ತಳು.

ಹೊರಗೆ ಬಂದಮೇಲೆ ಅಪ್ಪ ಕೇಳಿದರು: “ಯಾಕ ಅತ್ತಿ? ಅದು ಖೋಟಾ ಅಳು.”

“ಗೊತ್ತದರಿ. ಆದ್ರ ಆಕಿ ಒಬ್ಬಾಕಿನೇ ದಾರಿ ನೋಡ್ಕೋತ ಕುಂತಿದ್ಳು. ಯಾರೂ ಬರ್ಲಿಲ್ಲ.”

ಮುಂದೆ ನಡೆಯುತ್ತಿದ್ದ ಅಪ್ಪ ನಿಂತರು. ಅವ್ವ ಸರಿಸಮಕ್ಕೆ ಬರುವ ತನಕ ನಿಂತೇ ಇದ್ದರು. “ನಾ ಬಂದೀನಲ್ಲ,” ಎಂದರು ಮೆಲ್ಲಗೆ.

“ಹೂಂರಿ, ಬಂದೀರಿ.” ಅವ್ವ ಮೂಗು ಒರೆಸಿಕೊಂಡಳು. ಒಂದಿಷ್ಟು ನಡೆದ ಮೇಲೆ, ಇಷ್ಟು ವರ್ಷ ಕೇಳದ್ದನ್ನು ಕೇಳಿದಳು:

“ಅಲ್ಲರಿ, ಕೊಲ್ಹಾಪುರದಾಗ ನಿಮಗ ರೊಟ್ಟಿ ಯಾರ ಬಡದು ಹಾಕ್ತಿದ್ರು?”